ಬಾಯಿಲೆಕ್ಕ

ಕಲಬುರಗಿಯ ಒಂದು ಖಾಸಗಿ ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಬಡ್ತಿಗೆ ಒಂದು ಪ್ರಮಾಣಪತ್ರ ಬೇಕೆಂದರು. ಹೈದರಾಬಾದಿನವರೆಗೆ ಹೋಗುವುದೇಕೆಂದು, ಕ್ಯಾಮೆರಾ ಕಾವಲಿನಲ್ಲಿ ಮನೆಯಿಂದಲೇ ಪರೀಕ್ಷೆ ಬರೆಯಲು ಒಪ್ಪಿಕೊಂಡೆ.

ಸಿದ್ಧತೆಯಲ್ಲಿ ಕೊರತೆ ಇರಲಿಲ್ಲ, ಅಥವಾ ಹಾಗೆಂದುಕೊಂಡಿದ್ದೆ. ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಅರೆಕ್ಷಣದಲ್ಲಿ ರೂಟರ್ ಆರಿಹೋಗುತ್ತಿತ್ತು. ಮತ್ತೆ ಸಂಪರ್ಕ ಬರಲು ಎರಡು ನಿಮಿಷ. ಇನ್ವರ್ಟರಿನ ಗುಂಡಿಯನ್ನು ಯುಪಿಎಸ್ ಕಡೆಗೆ ತಿರುಗಿಸಿದ ಮೇಲೆ ಆ ಕಾಟ ತಪ್ಪಿತು. ಕಚೇರಿಯ ಲ್ಯಾಪ್‌ಟಾಪಿನ ಫೈರ್‌ವಾಲ್ ಪರೀಕ್ಷೆಯ ತಂತ್ರಾಂಶವನ್ನು ಒಳಗೆ ಬಿಡುವುದಿಲ್ಲ. ಆ ಫೈರ್‌ವಾಲ್ ಕೂರಿಸಿದವನು ನಾನೇ! ತಮ್ಮನ ಲ್ಯಾಪ್‌ಟಾಪ್ ಕೇಳಿ ಪಡೆದೆ. ಗೋಡೆಯ ಕ್ಯಾಲೆಂಡರ್ ತೆಗೆದೆ. ಮೇ ತಿಂಗಳ ಉರಿಯಲ್ಲೂ ಸದ್ದಿಗೆ ಹೆದರಿ ಕೂಲರ್ ನಿಲ್ಲಿಸಿದೆ. ಕೋಣೆಯ ನಾಲ್ಕೂ ದಿಕ್ಕಿನ ಫೋಟೊ ಕಳುಹಿಸಿ, ಮೊಬೈಲನ್ನು ಕೈಗೆಟುಕದಷ್ಟು ದೂರ ಇಟ್ಟೆ.

ಮರೆತದ್ದು ನನ್ನ ತುಟಿಗಳನ್ನು.

ಕಾಗದ, ಪೆನ್ನು ಇಟ್ಟುಕೊಳ್ಳುವಂತಿರಲಿಲ್ಲ. ಲೆಕ್ಕಕ್ಕೆ ಪರದೆಯ ಮೇಲಿನ ಬಿಳಿ ಹಲಗೆಯೇ ಗತಿ. ಮೌಸ್ ಎಳೆದು ಬರೆದ 7 ನನಗೇ 1 ಆಗಿ ಕಂಡಿತು. ಹಲಗೆಯ ಸಹವಾಸ ಬಿಟ್ಟು ಬಾಯಿಲೆಕ್ಕಕ್ಕೆ ಇಳಿದೆ. ಉದಾಹರಣೆಗೆ, ಒಂದು ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸದ ಕೊನೆಯ ಸಂಖ್ಯೆ 77, ವಿಳಾಸಗಳನ್ನು ಎಷ್ಟೆಷ್ಟರ ಗುಂಪಾಗಿ ಒಡೆಯಬೇಕೆಂದು ಹೇಳುವ ಮಾಸ್ಕ್ /27 ಎಂದುಕೊಳ್ಳಿ. ಆಗ ಸಬ್‌ನೆಟ್‌ಗಳು, ಅಂದರೆ ಆ ಗುಂಪುಗಳು, 32ರ ಹೆಜ್ಜೆಯಲ್ಲಿ ಸಾಗುತ್ತವೆ: ಮೂವತ್ತೆರಡು, ಅರವತ್ತನಾಲ್ಕು, ತೊಂಬತ್ತಾರು, ಹಾಗಾಗಿ 77 ಸೇರುವುದು 64ರ ಮನೆಗೆ. ಶಾಲೆಯಲ್ಲಿ ರಾಗವಾಗಿ ಮಗ್ಗಿ ಒಪ್ಪಿಸಿದ ಬಾಯಿ ಇಂಥ ಕಡೆ ಸುಮ್ಮನಿದ್ದೀತೆ? ಕಣ್ಣು ಬೇರೆ ಸೂರು ನೋಡುತ್ತಿತ್ತು. ಪರದೆಯಲ್ಲಿ ಎಚ್ಚರಿಕೆ ಬಂತು: ಬಾಯಿಬಿಟ್ಟು ಓದಬಾರದು, ದೃಷ್ಟಿ ತಪ್ಪಿಸಬಾರದು. ಮುಂದಿನ ಲೆಕ್ಕಕ್ಕೆ ತುಟಿ ಮತ್ತೆ ಅಲುಗಿತು. ಪರೀಕ್ಷೆ ಅಲ್ಲಿಗೇ ನಿಂತಿತು. ಕಟ್ಟಿದ ಶುಲ್ಕವೂ ಹೋಯಿತು. ಕಾವಲಿದ್ದವರನ್ನು ದೂರಲಾರೆ, ಪಕ್ಕದಲ್ಲಿ ಯಾರಿಗೋ ಹೇಳುತ್ತಿದ್ದೇನೆ ಎಂದು ಅನ್ನಿಸಿದರೆ ಅದು ಸಹಜವೇ.

ಎರಡನೇ ಸಲ ಪುಸ್ತಕಕ್ಕಿಂತ ಹೆಚ್ಚು ನನ್ನ ಮುಖವನ್ನೇ ಓದಿದೆ. ತೊಗರಿಬೇಳೆಯ ಡಬ್ಬಿಗೆ ಮೊಬೈಲ್ ಒರಗಿಸಿ, ಅಣಕು ಪರೀಕ್ಷೆ ಬರೆಯುವಾಗ ವಿಡಿಯೊ ಮಾಡಿದೆ. ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಸಲ ತುಟಿ ಅಲುಗಿತ್ತು. ಯೋಚಿಸುವಾಗಲೆಲ್ಲ ಅಂಗೈ ಬಾಯಿ ಮುಚ್ಚುತ್ತಿತ್ತು, ಅದೂ ನಿಯಮಕ್ಕೆ ವಿರುದ್ಧವೇ. ಮೌಸ್ ಬಿಟ್ಟು ಕೀಲಿಮಣೆಯಿಂದಲೇ ಹಲಗೆಯ ಮೇಲೆ ಅಂಕಿ ಒತ್ತುವುದನ್ನು ರೂಢಿಸಿಕೊಂಡೆ. ಲೆಕ್ಕ ಬಂದಾಗ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದೆ.

ಪಾಸಾಗಿ ಬಾಗಿಲು ತೆರೆದರೆ ಹೊರಗೆ ಕಾವಲು ಕುಳಿತಿದ್ದ ಅವ್ವ, “ಏನಾಯಿತೋ?” ಎಂದಳು. ತಕ್ಷಣ ಮಾತು ಹೊರಡಲಿಲ್ಲ. ನಾಲಿಗೆ ಇನ್ನೂ ಅಂಗುಳಕ್ಕೆ ಅಂಟಿಕೊಂಡೇ ಇತ್ತು.