ಬಸ್ಸನ್ನು ಅಡ್ಡಗಟ್ಟಿ ಬಡಿಸಿದ ಊಟ

ಕ್ಯಾಂಡಿಯಿಂದ ಕೊಲಂಬೊಗೆ ಬರುವಾಗ ಕಡವತದ ಬಳಿ ಬಿಳಿ ಅಂಗಿ ತೊಟ್ಟ ನಾಲ್ಕೈದು ಹುಡುಗರು ನಡುರಸ್ತೆಗೆ ಬಂದು ಬಾವುಟ ಬೀಸಿ ನಮ್ಮ ಬಸ್ಸನ್ನು ನಿಲ್ಲಿಸಿದರು. ಏನೋ ಗಲಾಟೆ ಎಂದುಕೊಂಡು ಅಕ್ಕ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಚಾಲಕ ಮಾತ್ರ ನಿರಾಳವಾಗಿ ಎಂಜಿನ್ ಆರಿಸಿ ಕೆಳಗಿಳಿದ. ಅವನ ಹಿಂದೆ ಕಂಡಕ್ಟರ್, ಕಂಡಕ್ಟರ್ ಹಿಂದೆ ಇಡೀ ಬಸ್ಸು. ರಸ್ತೆ ಬದಿಯ ತಗಡಿನ ಚಪ್ಪರದಲ್ಲಿ ಊಟ ಬಡಿಸುತ್ತಿದ್ದರು.

ಅಂದು 2024ರ ಮೇ 23, ವೈಶಾಖ ಹುಣ್ಣಿಮೆ. ಬುದ್ಧನ ಜನನ, ಜ್ಞಾನೋದಯ, ಪರಿನಿರ್ವಾಣ ಮೂರನ್ನೂ ಒಟ್ಟಿಗೆ ನೆನೆಯುವ ವೆಸಾಕ್ ಹಬ್ಬಕ್ಕೆ ಶ್ರೀಲಂಕೆಯಲ್ಲಿ ಎರಡು ದಿನ ಸರ್ಕಾರಿ ರಜೆ. ಬ್ರಿಟಿಷ್ ಆಡಳಿತ ಈ ಹುಣ್ಣಿಮೆಗೆ ರಜೆ ಕೊಡಲು ಒಪ್ಪಿದ್ದು 1885ರಲ್ಲಿ. ನಮ್ಮ ಬಸ್ಸನ್ನು ತಡೆದ ಐದು ಬಣ್ಣದ ಬೌದ್ಧ ಧ್ವಜ ಮೊದಲ ಬಾರಿ ಹಾರಿದ್ದೂ ಅದೇ ವರ್ಷದ ವೆಸಾಕ್‌ನಲ್ಲಿ, ಕೊಲಂಬೊದಲ್ಲಿಯೇ. ಹಬ್ಬಕ್ಕೂ ಹಿಂದಿನ ದಿನಗಳಲ್ಲಿ ನಾವು ಕ್ಯಾಂಡಿ, ನುವರ ಎಲಿಯ ಸುತ್ತಿದ್ದೆವು. ಚೆನ್ನಾಗಿದ್ದವು. ಆದರೆ ಚಹಾ ತೋಟ, ಮಂಜು, ಹಳೆಯ ಬಂಗಲೆಗಳನ್ನು ನೋಡಲು ಸಮುದ್ರ ದಾಟಬೇಕಾಗಿಲ್ಲ.

ರಸ್ತೆ ಬದಿಯ ಇಂಥ ಚಪ್ಪರಗಳನ್ನು ದನ್ಸಲ ಎನ್ನುತ್ತಾರೆ. ತಟ್ಟೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ ಕೆಂಪಕ್ಕಿ ಅನ್ನ, ತೆಂಗಿನ ಹಾಲು ಹಾಕಿ ಬೇಯಿಸಿದ ಬೇಳೆ, ಆಲೂಗಡ್ಡೆ ಪಲ್ಯ, ಹಪ್ಪಳ ಬಡಿಸಿದರು. ಒಂದೆಲಗದ ಸೊಪ್ಪನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ, ಕಾಯಿತುರಿ, ಈರುಳ್ಳಿ, ನಿಂಬೆರಸ ಬೆರೆಸಿದ್ದನ್ನೂ ಒಂದು ಮೂಲೆಗೆ ಹಾಕಿದರು. ನಮ್ಮಲ್ಲಿ ಒಂದೆಲಗವೆಂದರೆ ತಂಬುಳಿ. ಅದನ್ನು ಹೀಗೆ ಹಸಿಯಾಗಿ ತಿಂದ ಮೇಲೆ ತಂಬುಳಿಯ ಮೇಲಿನ ನನ್ನ ಅಭಿಮಾನ ಸ್ವಲ್ಪ ಅಲುಗಿದೆ.

ಊಟ ಮುಗಿಸಿದ ಅಕ್ಕನಿಗೆ ಕೈ ತೊಳೆದು ಸುಮ್ಮನೆ ಬಸ್ಸು ಹತ್ತಲು ಮನಸ್ಸಾಗಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಬ್ಯಾಂಕಿನಲ್ಲಿ ದುಡಿದವಳು. ಲೆಕ್ಕ ಚುಕ್ತಾ ಆಗಬೇಕು. ಹುಂಡಿ ಎಲ್ಲಿ ಎಂದು ಹುಡುಕಿದಳು. ಹುಂಡಿಯೇ ಇರಲಿಲ್ಲ. ಸಾರಿನ ಪಾತ್ರೆಯ ಬಳಿ ನಿಂತಿದ್ದ ಹಿರಿಯರೊಬ್ಬರ ಕೈಗೆ ಐನೂರರ ನೋಟು ಹಿಡಿಸಲು ಹೋದಳು. ಅಂಚೆ ಇಲಾಖೆಯಿಂದ ನಿವೃತ್ತರಾದವರಂತೆ, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಕೈ ಹಿಂದಕ್ಕೆ ಕಟ್ಟಿಕೊಂಡರು.

“ಬೇಡ ನಂಗಿ (ತಂಗಿ). ನೀವು ಹಣ ಕೊಟ್ಟರೆ ಊಟ ನಿಮ್ಮದೇ ಆಗಿಹೋಗುತ್ತದೆ. ಪುಣ್ಯವೂ ನಿಮಗೇ ಹೋಗುತ್ತದೆ. ಬೆಳಗಿನ ಮೂರು ಗಂಟೆಗೆ ಎದ್ದು ಈರುಳ್ಳಿ ಹೆಚ್ಚಿದ ನಮಗೆ ಏನು ಉಳಿಯಿತು?”

“ಧರ್ಮಸ್ಥಳದಲ್ಲಿ ಊಟಕ್ಕೆ ದುಡ್ಡಿಲ್ಲ. ಆದರೂ ಕೊಡಬೇಕೆನ್ನುವವರು ಕಾಣಿಕೆ ಹಾಕುವುದಿಲ್ಲವೇ?” ಎಂದು ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ವಾದ ಹೂಡಿದಳು. ನಾನು ಅದನ್ನು ಅವರಿಗೆ ದಾಟಿಸಿದೆ.

“ಅಲ್ಲಿಗೆ ನೀವಾಗಿಯೇ ಹೋಗುತ್ತೀರಿ. ಇಲ್ಲಿ ನಿಮ್ಮನ್ನು ತಡೆದು ಕೂರಿಸಿದವರು ನಾವು” ಎಂದರು. ಅಕ್ಕಿ ಕೊಟ್ಟವರು ಆ ಬೀದಿಯ ಅಂಗಡಿಯವರು, ತೆಂಗಿನಕಾಯಿ ಮನೆಮನೆಯದು, ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಬಂದು ನೀರು, ಪಾತ್ರೆ ನೋಡಿ ಹೋದ ಮೇಲೆಯೇ ಒಲೆ ಹಚ್ಚಿದ್ದು ಎಂದು ವಿವರಿಸಿದರು. 2022ರಲ್ಲಿ ಗ್ಯಾಸ್ ಸಿಗದೆ ಜನ ರಸ್ತೆಯಲ್ಲಿ ಸಾಲು ನಿಂತಿದ್ದ ಕಾಲದಲ್ಲಿ ಏನು ಮಾಡಿದಿರಿ ಎಂದು ಕೇಳಿದೆ. “ಸೌದೆ ಹಾಕಿ ಕೊತ್ತಂಬರಿ ಕಷಾಯ ಕಾಯಿಸಿದೆವು, ಬೆಲ್ಲದ ಚೂರಿನ ಜೊತೆ ಕೊಟ್ಟೆವು. ಅದಕ್ಕೂ ಬಸ್ಸು ನಿಲ್ಲಿಸಿದೆವು.” ಚಾಲಕ ಹಾರ್ನ್ ಒತ್ತುತ್ತಿದ್ದ. ಅಕ್ಕ ನೋಟನ್ನು ಮಡಚಿ ಒಳಗಿಟ್ಟಳು, ಮುಖ ಮಾತ್ರ ಬಿಗಿದೇ ಇತ್ತು.

ಮಾಂಸದ ಅಂಗಡಿ, ಮದ್ಯದಂಗಡಿ ಹಬ್ಬದ ಎರಡೂ ದಿನ ಮುಚ್ಚಿರುತ್ತವೆ. ಹಾಗೆಂದು ಸಸ್ಯಾಹಾರಿಗಳು ಮೈಮರೆಯಬಾರದು. ಮರುದಿನ ನಮ್ಮ ವಸತಿಗೃಹದಲ್ಲಿ ‘ಪೂರ್ತಿ ವೆಜಿಟೇರಿಯನ್’ ಎಂದು ಮುಂದಿಟ್ಟ ತೆಂಗಿನಕಾಯಿ ಸಂಬೋಲದಲ್ಲಿ ಒಣಮೀನಿನ ಪುಡಿ ಇತ್ತು. ಕೇಳಿದರೆ ಅಲ್ಲಿನ ಮ್ಯಾನೇಜರ್, “ಅದು ಮೀನಲ್ಲ, ರುಚಿಗೆ ಒಂದು ಚಿಟಿಕೆ” ಎಂದರು! ಈಗಲೂ ನೆನೆದರೆ ಮೈ ಉರಿಯುತ್ತದೆ. ಆ ಪುಡಿಯ ಹೆಸರು ಉಂಬಲಕಡ. ಮೀನು ಇದೆಯೇ ಎಂದು ಕೇಳಬೇಡಿ, ಉಂಬಲಕಡ ಇದೆಯೇ ಎಂದು ಕೇಳಿ.

ಸಂಜೆ ಕೊಲಂಬೊದ ಬೇರ ಸರೋವರದ ದಂಡೆಗೆ ಹೋದೆವು. ಅಲ್ಲಿನ ನೂಕುನುಗ್ಗಲು, ಮಿಣಮಿಣ ಎನ್ನುವ ಪ್ಲಾಸ್ಟಿಕ್ ದೀಪಗಳು ನನಗೆ ಹಿಡಿಸಲಿಲ್ಲ. ಒಳಗಿನ ಗಲ್ಲಿಗಳಲ್ಲಿ ಕಂಡದ್ದೇ ಚೆಂದ. ಬಿದಿರು ಕಡ್ಡಿಗಳನ್ನು ಕಟ್ಟಿ ಬಣ್ಣದ ತೆಳು ಕಾಗದ ಅಂಟಿಸಿದ ಎಂಟು ಮುಖದ ಗೂಡುದೀಪಗಳು ಮನೆಯ ಮುಂದೆ ತೂಗುತ್ತಿದ್ದವು. ಮಳೆ ಹನಿಯುತ್ತಲೇ ಇದ್ದುದರಿಂದ ಹುಡುಗಿಯೊಬ್ಬಳು ಏಣಿ ಹತ್ತಿ ತನ್ನ ದೀಪಕ್ಕೆ ಪಾಲಿಥೀನ್ ಚೀಲ ತೊಡಿಸುತ್ತಿದ್ದಳು.

ಬೊರೆಲ್ಲದಲ್ಲಿ ತೋರಣ ನೋಡಲು ಕೊಡೆ ಹಿಡಿದು ನಿಂತೆವು. ಕಟ್ಟಡದೆತ್ತರದ ಚೌಕಟ್ಟು, ನಡುವೆ ಬುದ್ಧ, ಸುತ್ತ ಜಾತಕ ಕಥೆಯ, ಎಂದರೆ ಬುದ್ಧನ ಹಿಂದಿನ ಜನ್ಮದ ಕಥೆಯ ಚಿತ್ರಗಳು. ಧ್ವನಿವರ್ಧಕದಲ್ಲಿ ಪದ್ಯವಾಗಿ ಕಥೆ ಸಾಗಿದಂತೆ ಒಂದೊಂದೇ ಚಿತ್ರದ ಸುತ್ತ ಬಲ್ಬುಗಳು ಹೊತ್ತಿಕೊಳ್ಳುತ್ತವೆ. ನಮ್ಮ ಪಾಲಿಗೆ ಬಂದದ್ದು ವೆಸ್ಸಂತರನ ಕಥೆ: ಕೇಳಿದ್ದನ್ನೆಲ್ಲ ಕೊಟ್ಟುಬಿಡುವ ರಾಜಕುಮಾರ ಆನೆ, ರಥ ಕೊಟ್ಟು, ಆಮೇಲೆ ತನ್ನ ಎರಡು ಮಕ್ಕಳನ್ನೂ ಜೂಜಕನೆಂಬ ಬ್ರಾಹ್ಮಣನಿಗೆ ದಾನ ಮಾಡುತ್ತಾನೆ.

“ಮಕ್ಕಳನ್ನು ದಾನ ಮಾಡಲು ಇವನ್ಯಾರು? ಅವರನ್ನು ಒಂದು ಮಾತು ಕೇಳಿದನೇ?” ಎಂದು ಅಕ್ಕ ಗಟ್ಟಿಯಾಗಿಯೇ ಸಿಟ್ಟಾದಳು. ಪಕ್ಕದಲ್ಲಿದ್ದ ಹೆಂಗಸು ಏನೆಂದರು ಎಂದು ವಿಚಾರಿಸಿ, ತನ್ನ ತಾಯಿಯೂ ಪ್ರತಿವರ್ಷ ಇದೇ ಜಗಳ ತೆಗೆಯುತ್ತಿದ್ದರು ಎಂದು ನಕ್ಕಳು. ಪೂರ್ತಿ ನೋಡಿ ಹೋಗಿ ಎಂದಳು. ನೋಡಿದೆವು. ಅಜ್ಜನಾದ ರಾಜ ಹೊನ್ನು ತೆತ್ತು ಮೊಮ್ಮಕ್ಕಳನ್ನು ಬಿಡಿಸಿಕೊಳ್ಳುತ್ತಾನೆ.

“ನೋಡಿದೆಯಾ, ಕೊನೆಗೆ ದುಡ್ಡು ಕೊಟ್ಟೇ ತೀರಬೇಕಾಯಿತು” ಎಂದಳು ಅಕ್ಕ.

ಆಟೊದವರು ಮೂರು ಪಟ್ಟು ಕೇಳಿದ್ದರಿಂದ ನಡೆದೇ ಕೋಣೆ ಸೇರಿದೆವು. ಆ ಸಂಜೆಗಳಲ್ಲಿ ಎಷ್ಟೋ ರಸ್ತೆಗಳನ್ನು ವಾಹನಗಳಿಗೆ ಮುಚ್ಚಿರುತ್ತಾರೆ. ಹೋಗುವವರು ತೋರಣಕ್ಕೆ ಕಾಲ್ನಡಿಗೆಯ ದೂರದಲ್ಲೇ ಕೋಣೆ ಹಿಡಿಯುವುದು ಒಳ್ಳೆಯದು, ಕೊಡೆಯನ್ನಂತೂ ಬಿಟ್ಟು ಹೋಗಬೇಡಿ.