ಕಮಿಟ್ ಮಾಡದ ಕೋಡ್‌ಗೆ ಯಾರು ದಿಕ್ಕು?

ತಾನೇ ಕಮಾಂಡ್ ಓಡಿಸಿ ಕೋಡ್ ತಿದ್ದುವ ಎಐ ಏಜೆಂಟ್ ಕೈಗೆ ಟರ್ಮಿನಲ್ ಕೊಡುವ ಮೊದಲು ಕಮಿಟ್ ಮಾಡಿ, ಪುಶ್ ಮಾಡಿ ಎಂದು ನಮ್ಮ ಟೀಮಿನಲ್ಲಿ ಎಲ್ಲರಿಗೂ ಹೇಳುತ್ತಿದ್ದೇನೆ. ಕಮಿಟ್ ಎಂದರೆ ಕೋಡ್‌ನ ಇತಿಹಾಸ ಇಡುವ ಗಿಟ್ ಎಂಬ ಟೂಲಿನಲ್ಲಿ ಬದಲಾವಣೆ ದಾಖಲಿಸುವುದು, ಪುಶ್ ಎಂದರೆ ಅದನ್ನು ಸರ್ವರಿಗೆ ಕಳಿಸುವುದು. ಯಾಕೆ ಇಷ್ಟು ಹಟ ಎಂದು ಕೇಳಿದವರಿಗಾಗಿ ಇದು.

ನಾವು ಮೈಸೂರಿನಲ್ಲಿ ಹಾಲಿನ ಡೇರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಲೀಟರಿಗೆ ದರ ಕಟ್ಟುವ ಫೈಲೊಂದಿದೆ. ಅದರಲ್ಲಿ ಒಂದು ಸಾಲು ತಪ್ಪಿದರೆ ರೈತರ ಬಟವಾಡೆಯೇ ಏರುಪೇರು. ಟೀಮಿನ ಹುಡುಗಿಯೊಬ್ಬಳು ಆ ಫೈಲನ್ನೂ ಅದರ ಟೆಸ್ಟ್‌ಗಳನ್ನೂ ತಿದ್ದುತ್ತಿದ್ದಳು. ಟೆಸ್ಟ್ ಫೇಲಾಗಿ, ಏಜೆಂಟಿಗೆ ಸರಿಮಾಡಲು ಹೇಳಿದಳು. ಅದು ಅಲ್ಲಿ ಇಲ್ಲಿ ತಿದ್ದಿ, ಕೆಲಸ ಆಗದೆ, ಮೊದಲಿನಿಂದ ಶುರುಮಾಡುತ್ತೇನೆ ಎಂದು 'ಗಿಟ್ ರೀಸೆಟ್ --ಹಾರ್ಡ್' ಓಡಿಸಿಬಿಟ್ಟಿತು. ಕಮಿಟ್ ಮಾಡದ ತಿದ್ದುಪಡಿಗಳನ್ನೆಲ್ಲ ಎಸೆದು ಹಿಂದಿನ ಕಮಿಟ್‌ಗೆ ಮರಳುವ ಕಮಾಂಡ್ ಅದು. ಒಂದು ಮಾತು ಕೇಳಲಿಲ್ಲ.

"ಮೇಡಂ, ಎಲ್ಲಾ ಹೋಯ್ತು" ಎಂದು ಬಂದಳು.

"ಏನೂ ಮುಟ್ಟಬೇಡ, ಬಾ ನೋಡೋಣ" ಅಂದೆ.

ದರದ ಫೈಲನ್ನು ಅವಳು ಮಧ್ಯಾಹ್ನ 'ಗಿಟ್ ಆ್ಯಡ್' ಮಾಡಿದ್ದಳು, ಅಂದರೆ ಮುಂದಿನ ಕಮಿಟ್‌ಗೆ ಸೇರಿಸಿಟ್ಟಿದ್ದಳು. ಅಷ್ಟೇ ನಮ್ಮನ್ನು ಉಳಿಸಿದ್ದು. ಆ್ಯಡ್ ಮಾಡಿದ ಕ್ಷಣವೇ ಫೈಲಿನ ಒಳಗಿನದೆಲ್ಲ ಬ್ಲಾಬ್ (ಹೆಸರಿಲ್ಲದ ಪ್ರತಿ) ಆಗಿ ಗಿಟ್ ಫೋಲ್ಡರಿಗೆ ಸೇರಿರುತ್ತದೆ; ರೀಸೆಟ್ ಅದನ್ನು ಅಳಿಸುವುದಿಲ್ಲ. ಹೀಗೆ ಕಳೆದುಹೋದದ್ದನ್ನು ಹುಡುಕಿಕೊಡುವ 'ಗಿಟ್ ಎಫ್‌ಎಸ್‌ಸಿಕೆ --ಲಾಸ್ಟ್-ಫೌಂಡ್' ಕೊಟ್ಟೆವು. ಹೆಸರಿಲ್ಲದ, ಬರೀ 40 ಅಕ್ಷರದ ಹ್ಯಾಶ್ (ಗಿಟ್ ಕೊಡುವ ಗುರುತು) ಹೊತ್ತ ಫೈಲುಗಳು ಸಾಲಾಗಿ ಬಂದವು. ಅವುಗಳಲ್ಲಿ 'ಎಸ್‌ಎನ್‌ಎಫ್' ಪದವನ್ನು ಗ್ರೆಪ್ ಮಾಡಿ ಹುಡುಕಿದರೆ ದರದ ಫೈಲ್ ಸಿಕ್ಕಿತು. ಹೀಗೆ ಅನಾಥವಾದ ಬ್ಲಾಬ್‌ಗಳನ್ನು ಗಿಟ್ ಸಾಮಾನ್ಯವಾಗಿ ಎರಡು ವಾರವಾದರೂ ಇಟ್ಟುಕೊಂಡಿರುತ್ತದೆ.

ಟೆಸ್ಟ್ ಫೈಲಿನ ಹೊಸ ತಿದ್ದುಪಡಿಗಳು ಆ್ಯಡ್ ಆಗಿರಲಿಲ್ಲ. ಗಿಟ್‌ನಲ್ಲಿ ಅವುಗಳ ಸುಳಿವೇ ಇಲ್ಲ, ಹಿಂದಿನ ಕಮಿಟ್‌ಗಳ ಜಾಡು ಇಡುವ ರೆಫ್‌ಲಾಗ್‌ನಲ್ಲೂ ಇರುವುದಿಲ್ಲ. ಅವಳು ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನ ಟೈಮ್‌ಲೈನ್‌ನಲ್ಲಿ ಹಳೆಯದೊಂದು ಪ್ರತಿ ಸಿಕ್ಕಿತು, ಉಳಿದದ್ದನ್ನು ಮತ್ತೆ ಬರೆದಳು.

ಅವಳೇ ಎಚ್ಚರವಾಗಿರಬೇಕಿತ್ತು ಎಂದರು ಕೆಲವರು. ನಾನು ಒಪ್ಪುವುದಿಲ್ಲ. ಬರೆದದ್ದನ್ನು ಅಳಿಸುವ ಕಮಾಂಡ್ ಓಡಿಸುವ ಮುನ್ನ ಕೇಳಬೇಕಾದದ್ದು ಟೂಲ್‌ನ ಕೆಲಸ. ಈಗ ಏಜೆಂಟಿನ ಸೆಟ್ಟಿಂಗ್‌ನಲ್ಲಿ ರೀಸೆಟ್, ಕ್ಲೀನ್, ಆರ್‌ಎಂ ಮೂರಕ್ಕೂ ಅನುಮತಿ ಬೇಕು ಎಂದು ಹಾಕಿದ್ದೇವೆ.

ಪುಶ್ ಮಾಡಿದರೆ ಮುಗಿಯಿತು ಎನ್ನುವವರಿಗೆ ಲಿನಕ್ಸ್‌ಗೆ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಮಾಡುವ ಕೆಡಿಇ ಯೋಜನೆಯಲ್ಲಿ 2013ರ ಮಾರ್ಚ್‌ನಲ್ಲಿ ಆದದ್ದನ್ನು ಹೇಳುತ್ತೇನೆ. ಮುಖ್ಯ ಗಿಟ್ ಸರ್ವರಿನ ಫೈಲ್‌ಸಿಸ್ಟಮ್ ಕೆಟ್ಟಿತು. ಸುಮಾರು 1500 ರೆಪಾಸಿಟರಿಗಳಿದ್ದ (ಕೋಡ್ ಸಂಗ್ರಹಗಳಿದ್ದ) ಜಾಗ ಅದು. ಅದರ ನಕಲು ಇಟ್ಟುಕೊಳ್ಳುವ ಮಿರರ್ ಸರ್ವರುಗಳು ಇದ್ದವು, ಆದರೆ ಅವು ನಿಷ್ಠೆಯಿಂದ ಆ ಹಾಳನ್ನೇ ನಕಲು ಮಾಡಿಕೊಂಡವು. ಅದೃಷ್ಟಕ್ಕೆ ಒಂದು ಸರ್ವರಿನಲ್ಲಿ ಪೂರ್ತಿ ಪ್ರತಿ ಉಳಿದಿತ್ತು.

ಅದನ್ನು ಓದಿದ ಮೇಲೆ ಶುಕ್ರವಾರ ಸಂಜೆ 'ಗಿಟ್ ಬಂಡಲ್' ಮಾಡಿ ಎಲ್ಲ ಬ್ರಾಂಚುಗಳನ್ನೂ ಒಂದೇ ಫೈಲಾಗಿ ಹೊರಗಿನ ಡಿಸ್ಕಿಗೆ ಹಾಕುತ್ತೇನೆ, ಹಳೆಯದರ ಮೇಲೆ ಬರೆಯುವುದಿಲ್ಲ, ತಾರೀಖು ಹಾಕಿ ಬೇರೆಯಾಗಿಡುತ್ತೇನೆ. ಆ ಬಂಡಲ್‌ನಿಂದಲೇ ಬೇರೆ ಲ್ಯಾಪ್‌ಟಾಪಿಗೆ ಕ್ಲೋನ್ ಮಾಡಿ, ದರದ ಟೆಸ್ಟ್‌ಗಳು ಪಾಸಾಗುವುದನ್ನು ನೋಡಿಯೇ ಡಿಸ್ಕ್ ತೆಗೆಯುವುದು.