ಜೊಲ್ಲು, ಪಿಷ್ಟ, ಅಯೋಡಿನ್: ಕಿಣ್ವದ ಪ್ರಯೋಗ ಎಲ್ಲಿಗೆ ಬಂತು

ಮನೆಯಲ್ಲೇ ಕಿಣ್ವಗಳ (ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳು) ಮೇಲೆ ಮಾಡುತ್ತಿದ್ದ ಪ್ರಯೋಗ ಒಂದು ಹದಕ್ಕೆ ಬಂದಿದೆ, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಹೊರಟಿದ್ದು ಒಂದು ಗ್ರಾಫ್ ಬಿಡಿಸೋಣ ಅಂತ. ಪಠ್ಯಪುಸ್ತಕದಲ್ಲಿ ಇರುತ್ತದಲ್ಲ, ಉಷ್ಣತೆ ಏರಿದಂತೆ ಕಿಣ್ವದ ವೇಗವೂ ಏರುತ್ತದೆ, ಒಂದು ತುದಿ ಮುಟ್ಟುತ್ತದೆ, ಆಮೇಲೆ ದಡಕ್ಕನೆ ಇಳಿಯುತ್ತದೆ, ಆ ತುದಿಯೇ 'ಸೂಕ್ತ ಉಷ್ಣತೆ'. ಅದನ್ನು ಸ್ವಂತವಾಗಿ ಅಳೆಯಬೇಕು ಅಂತ ಆಸೆ. ಅಳತೆ ಸಿಕ್ಕಿತು. ಆದರೆ ಅದೇ ಕಿಣ್ವಕ್ಕೆ ಎರಡು ಬೇರೆ ಬೇರೆ ತುದಿ ಸಿಕ್ಕವು, ಮತ್ತು ಎರಡೂ ಸರಿಯೇ.

ಮೊದಲು ಕೈಗೆತ್ತಿಕೊಂಡಿದ್ದು ಕ್ಯಾಟಲೇಸ್. ಆಲೂಗಡ್ಡೆ ರಸದಲ್ಲಿ ಅದ್ದಿದ ಫಿಲ್ಟರ್ ಪೇಪರ್ ಚೂರನ್ನು ಹೈಡ್ರೋಜನ್ ಪೆರಾಕ್ಸೈಡಿನ ತಳಕ್ಕೆ ಬಿಟ್ಟರೆ, ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ, ಗುಳ್ಳೆ ಅಂಟಿಕೊಂಡ ಚೂರು ಮೇಲಕ್ಕೆ ತೇಲುತ್ತದೆ. ನೋಡಲು ಮಜಾ. ಉಷ್ಣತೆಯ ಪ್ರಯೋಗಕ್ಕೆ ಮಾತ್ರ ಅಷ್ಟು ಒಗ್ಗುವುದಿಲ್ಲ. ಕ್ಯಾಟಲೇಸಿನ ಒಂದೇ ಅಣು ಸೆಕೆಂಡಿಗೆ ಲಕ್ಷಗಟ್ಟಲೆ ಪೆರಾಕ್ಸೈಡ್ ಅಣುಗಳನ್ನು ಮುಗಿಸುತ್ತದೆ. ಕ್ರಿಯೆ ನಡೆಯಲು ಅಣುಗಳು ದಾಟಬೇಕಾದ ಶಕ್ತಿಯ ದಿಬ್ಬವೇ ಅಷ್ಟು ತಗ್ಗಿಹೋಗಿರುವಾಗ ಬಿಸಿ ಮಾಡಿ ಸಿಗುವ ಲಾಭ ಕಡಿಮೆ. ಮೇಲಾಗಿ ಪೆರಾಕ್ಸೈಡ್ ಗಟ್ಟಿಯಾಗಿದ್ದರೆ ಕಿಣ್ವವನ್ನೇ ಕೆಡಿಸುತ್ತದೆ. ಅದನ್ನು ಬದಿಗಿಟ್ಟು ಅಮೈಲೇಸಿಗೆ ಬಂದೆ.

ಅಮೈಲೇಸ್ ಅಂದರೆ ಪಿಷ್ಟವನ್ನು ಕತ್ತರಿಸುವ ಕಿಣ್ವ, ನಮ್ಮ ಜೊಲ್ಲಿನಲ್ಲೇ ಧಾರಾಳವಾಗಿ ಇದೆ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪರ್ಸೋಜ್ ಮೊಳಕೆ ಬಂದ ಬಾರ್ಲಿಯಿಂದ ಬೇರ್ಪಡಿಸಿದ 'ಡಯಾಸ್ಟೇಸ್' ಕೂಡ ಇದೇ ಕೆಲಸದ್ದು. ಹಾಗೆ ಬೇರ್ಪಡಿಸಿದ ಮೊದಲ ಕಿಣ್ವ ಅದೇ. ನನ್ನ ಸಾಮಾನು ಇಷ್ಟೇ: ತೆಳ್ಳಗಿನ ಪಿಷ್ಟದ ದ್ರಾವಣ, ನೀರು ಬೆರೆಸಿದ ಜೊಲ್ಲು, ಅಯೋಡಿನ್, ಥರ್ಮಾಮೀಟರ್, ಬೇರೆ ಬೇರೆ ಬಿಸಿಯ ನೀರಿನ ಪಾತ್ರೆಗಳು, ಒಂದು ಬಿಳಿ ಟೈಲ್. ಟೈಲ್ ಮೇಲೆ ಸಾಲಾಗಿ ಅಯೋಡಿನ್ ಹನಿ ಇಟ್ಟುಕೊಂಡು, ಅರ್ಧರ್ಧ ನಿಮಿಷಕ್ಕೆ ಟ್ಯೂಬಿನಿಂದ ಒಂದೊಂದು ಹನಿ ತೆಗೆದು ಅದರ ಮೇಲೆ ಬಿಡುವುದು.

ಆ ಸಾಲನ್ನು ನೋಡುವುದೇ ಒಂದು ಖುಷಿ. ಮೊದಲ ಹನಿ ಕಪ್ಪಿಗೆ ಹತ್ತಿರದ ನೀಲಿ. ಆಮೇಲೆ ನೇರಳೆ. ಆಮೇಲೆ ಕೆಂಪು ಬೆರೆತ ಕಂದು, ಕೊನೆಗೆ ಅಯೋಡಿನ್ನಿನದ್ದೇ ಹಳದಿ. ಪಿಷ್ಟದ ಉದ್ದ ಸರಪಳಿ ಸುರುಳಿ ಸುತ್ತಿಕೊಂಡಿರುತ್ತದೆ, ಅಯೋಡಿನ್ ಆ ಸುರುಳಿಯ ಒಳಗೆ ಸೇರಿಕೊಂಡಾಗ ನೀಲಿ ಬರುತ್ತದೆ. ಕಿಣ್ವ ಸರಪಳಿಯನ್ನು ತುಂಡು ಮಾಡಿದಷ್ಟೂ ಸುರುಳಿ ಗಿಡ್ಡವಾಗುತ್ತದೆ, ಬಣ್ಣ ಕೆಂಪಿಗೆ ಜಾರುತ್ತದೆ, ತುಂಡುಗಳು ತೀರಾ ಚಿಕ್ಕದಾದರೆ ಬಣ್ಣವೇ ಇಲ್ಲ. ಅಂದರೆ ಟೈಲ್ ಮೇಲಿರುವುದು ಸರಪಳಿಯ ಉದ್ದದ ದಾಖಲೆ!

ಒಂದು ಎಚ್ಚರಿಕೆ. ಬಿಸಿಯಾಗಿದ್ದಾಗ ಈ ನೀಲಿ ತಾನಾಗಿಯೇ ಮಾಯವಾಗುತ್ತದೆ, ತಣ್ಣಗಾದರೆ ವಾಪಸ್ ಬರುತ್ತದೆ, ಕಿಣ್ವಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದಕ್ಕೇ ಅಯೋಡಿನ್ನನ್ನು ಟ್ಯೂಬಿಗೆ ಹಾಕದೆ ತಣ್ಣನೆ ಟೈಲ್ ಮೇಲೆ ಇಡುವುದು. ಪ್ರತಿ ಬಿಸಿಗೂ ಜೊಲ್ಲಿಲ್ಲದ, ಬರೀ ನೀರು ಹಾಕಿದ ಇನ್ನೊಂದು ಟ್ಯೂಬ್ ಪಕ್ಕದಲ್ಲೇ ಇರಬೇಕು. ಅದಿಲ್ಲದಿದ್ದರೆ ಪ್ರಯೋಗ ಸುಮ್ನೆ ಬಣ್ಣದಾಟ ಅಷ್ಟೇ.

ಈಗ ಎರಡು ತುದಿಯ ವಿಷಯ. ಗಟ್ಟಿ ಜೊಲ್ಲು ಹಾಕಿದಾಗ ಕೆಲಸ ಒಂದೆರಡು ನಿಮಿಷದಲ್ಲಿ ಮುಗಿಯಿತು, ಎಲ್ಲಕ್ಕಿಂತ ಮೊದಲು ಹಳದಿಯಾಗಿದ್ದು 50 ಡಿಗ್ರಿ ಪಾತ್ರೆಯ ಟ್ಯೂಬ್. ಅದೇ ಜೊಲ್ಲನ್ನು ಚೆನ್ನಾಗಿ ತೆಳು ಮಾಡಿ ಹಾಕಿದಾಗ ಕೆಲಸ ಅರ್ಧ ಗಂಟೆಯ ಹತ್ತಿರ ಎಳೆಯಿತು, ಆಗ ಗೆದ್ದಿದ್ದು 40 ಡಿಗ್ರಿಯದು. 50ರ ಟ್ಯೂಬ್ ಜೋರಾಗಿ ಶುರು ಮಾಡಿ, ನೇರಳೆಯವರೆಗೆ ಬಂದು, ಅಲ್ಲೇ ಕೂತುಬಿಟ್ಟಿತು. ಮೊದಲು ಓಡಿದ್ದೂ ಅದೇ, ಮೊದಲು ಸುಸ್ತಾಗಿದ್ದೂ ಅದೇ.

ಕಾರಣ ಏನೆಂದರೆ ಬಿಸಿ ಒಂದೇ ಹೊತ್ತಿಗೆ ಎರಡು ಕೆಲಸ ಮಾಡುತ್ತಿರುತ್ತದೆ. ಅಣುಗಳು ಜೋರಾಗಿ ಓಡಾಡುತ್ತವೆ, ದಿಬ್ಬ ದಾಟುವಷ್ಟು ಶಕ್ತಿ ಇರುವ ಅಣುಗಳು ಜಾಸ್ತಿಯಾಗುತ್ತವೆ, ಎಷ್ಟೋ ಕಿಣ್ವಗಳಲ್ಲಿ ಪ್ರತಿ 10 ಡಿಗ್ರಿಗೆ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಇದು ಒಂದು. ಕಿಣ್ವ ಒಂದು ಪ್ರೋಟೀನ್ ಆದ್ದರಿಂದ, ಅದರ ಮಡಿಕೆಗಳನ್ನು ಹಿಡಿದಿಟ್ಟಿರುವ ದುರ್ಬಲ ಬಂಧಗಳು ಅದೇ ಬಿಸಿಗೆ ಒಂದೊಂದಾಗಿ ಬಿಡುತ್ತಾ ಹೋಗುತ್ತವೆ, ಇದು ಇನ್ನೊಂದು. ಮೊದಲನೆಯದು ತಕ್ಷಣ ಕಾಣುತ್ತದೆ, ಎರಡನೆಯದಕ್ಕೆ ಸಮಯ ಬೇಕು. ಬೇಗ ನಿಲ್ಲಿಸಿದರೆ ವೇಗದ ಲಾಭ ಮಾತ್ರ ಕಾಣುತ್ತದೆ, ತಡವಾಗಿ ನಿಲ್ಲಿಸಿದರೆ ನಷ್ಟವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಎಷ್ಟು ಹೊತ್ತಿನ ಪ್ರಯೋಗ ಅಂತ ಹೇಳದೆ 'ಸೂಕ್ತ ಉಷ್ಣತೆ ಇಷ್ಟು' ಅಂದರೆ ಅದು ಅರ್ಧ ಮಾಹಿತಿ. ಪಠ್ಯಪುಸ್ತಕಗಳು ಈ ಒಂದು ಸಾಲು ಸೇರಿಸಿದರೆ ಏನೂ ಕಳೆದುಕೊಳ್ಳುವುದಿಲ್ಲ ಅಲ್ವಾ?

ಇದು ಬರೀ ಊಹೆ ಆಗಬಾರದು ಅಂತ ಇನ್ನೊಂದು ಪರೀಕ್ಷೆ ಮಾಡಿದೆ. ಪಿಷ್ಟ ಇಲ್ಲದೆ ಬರೀ ಜೊಲ್ಲನ್ನು ಒಂದು ಪಾಲು ಐಸ್ ನೀರಿನಲ್ಲಿ, ಒಂದು ಪಾಲು 70 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ 37ಕ್ಕೆ ತಂದು ಪಿಷ್ಟ ಹಾಕಿದೆ. ಐಸಿನಲ್ಲಿದ್ದದ್ದು ಏನೂ ಆಗಿಲ್ಲ ಎಂಬಂತೆ ಕೆಲಸ ಮಾಡಿತು. ಬಿಸಿ ಕಂಡದ್ದು ಕೊನೆಯವರೆಗೂ ನೀಲಿ. ಚಳಿ ಕಿಣ್ವವನ್ನು ನಿಧಾನ ಮಾಡುತ್ತದೆ, ಬಿಸಿ ಅದರ ಆಕಾರವನ್ನೇ ತೆಗೆಯುತ್ತದೆ. ಹಾಗಂತ 70 ಡಿಗ್ರಿ ಎಲ್ಲ ಅಮೈಲೇಸಿಗೂ ಯಮ ಅಲ್ಲ. ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಅನ್ನುವ ಬ್ಯಾಕ್ಟೀರಿಯಾದ ಅಮೈಲೇಸ್ 90 ಡಿಗ್ರಿಯಲ್ಲೂ ಆರಾಮಾಗಿ ಕತ್ತರಿಸುತ್ತದೆ, ಕಾರ್ಖಾನೆಗಳಲ್ಲಿ ಪಿಷ್ಟ ಕರಗಿಸಲು ಅದನ್ನೇ ಬಳಸುತ್ತಾರೆ.

ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಬದಲಿಸಿ ನೋಡುವ ಪ್ರಯೋಗದಲ್ಲಿ ಕಿಣ್ವಕ್ಕಿಂತ ಅಯೋಡಿನ್ನೇ ಜಾಸ್ತಿ ತಲೆ ತಿಂದಿತು. ಹುಳಿಗೆ ನಿಂಬೆರಸ ಹಾಕುವ ಹಾಗಿಲ್ಲ, ಅದರಲ್ಲಿರುವ ವಿಟಮಿನ್ ಸಿ ಅಯೋಡಿನ್ನಿನ ಬಣ್ಣ ತೆಗೆಯುತ್ತದೆ. ವಿನೆಗರ್ ಸರಿ. ಆ ಕಡೆ ವಾಷಿಂಗ್ ಸೋಡಾದಂಥ ಜೋರು ಕ್ಷಾರವೂ ಅಯೋಡಿನ್ನನ್ನು ಬಣ್ಣಗೆಡಿಸುತ್ತದೆ, ಅಡುಗೆ ಸೋಡಾದಲ್ಲಿ ನಿಲ್ಲುವುದು ವಾಸಿ. ಫಲಿತಾಂಶ ನಿರೀಕ್ಷೆಯಂತೆಯೇ ಬಂತು: ತಟಸ್ಥಕ್ಕೆ ಹತ್ತಿರ ಇದ್ದದ್ದು ಬೇಗ, ವಿನೆಗರ್ ಹಾಕಿದ್ದು ನಿಂತೇ ಹೋಯಿತು. ಅಮೈಲೇಸಿನಲ್ಲಿ ಕತ್ತರಿಸುವ ಜಾಗದಲ್ಲಿ ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲ ಅನ್ನುವ ಅಮೈನೋ ಆಮ್ಲಗಳ ತುಣುಕುಗಳಿವೆ. ಒಂದು ತನ್ನ ಪ್ರೋಟಾನ್ ಬಿಟ್ಟಿರಬೇಕು, ಇನ್ನೊಂದು ಹಿಡಿದುಕೊಂಡಿರಬೇಕು. ಹುಳಿ ಜಾಸ್ತಿಯಾದರೆ ಬಿಟ್ಟಿರಬೇಕಾದದ್ದೂ ಹಿಡಿದುಕೊಳ್ಳುತ್ತದೆ, ಕೆಲಸ ನಿಲ್ಲುತ್ತದೆ. ಜಠರದ ಪೆಪ್ಸಿನ್ ಪಿಎಚ್ 2ರ ಆಸುಪಾಸಿನಲ್ಲೇ ಚುರುಕು, ಸಣ್ಣ ಕರುಳಿನ ಟ್ರಿಪ್ಸಿನ್ 8ರ ಹತ್ತಿರ. ಪ್ರತಿಯೊಂದಕ್ಕೂ ತಾನಿರುವ ಜಾಗವೇ ಹಿತ.

ಉಪ್ಪಿನ ಪ್ರಯೋಗ ಚಿಕ್ಕದು, ಆದರೆ ನನಗೆ ತುಂಬಾ ಇಷ್ಟವಾಯಿತು. ಜೊಲ್ಲಿನ ಅಮೈಲೇಸಿಗೆ ಉಪ್ಪಿನಲ್ಲಿರುವ ಕ್ಲೋರೈಡ್ ಬೇಕು. ಡಿಸ್ಟಿಲ್ಡ್ ವಾಟರ್ ಹಾಕಿ ತೀರಾ ತೆಳು ಮಾಡಿದರೆ ಕ್ಲೋರೈಡೂ ಕಡಿಮೆಯಾಗಿ ಕಿಣ್ವ ಮಂಕಾಗುತ್ತದೆ, ಚಿಟಿಕೆ ಉಪ್ಪು ಹಾಕಿದ ಟ್ಯೂಬ್ ಪಕ್ಕದ ಟ್ಯೂಬಿಗಿಂತ ಕಣ್ಣಿಗೆ ಕಾಣುವಷ್ಟು ಬೇಗ ನೀಲಿ ಕಳೆದುಕೊಳ್ಳುತ್ತದೆ.

ಬಾಕಿ ಇರುವುದು ಪಿಷ್ಟದ ಪ್ರಮಾಣ ಬದಲಿಸಿ ನೋಡುವುದು, ಅಂದರೆ 1913ರಲ್ಲಿ ಮೈಕೆಲಿಸ್ ಮತ್ತು ಮೆಂಟೆನ್ ಅನ್ನುವ ವಿಜ್ಞಾನಿಗಳು ಕಿಣ್ವದ ವೇಗಕ್ಕೆ ಕೊಟ್ಟ ಸಮೀಕರಣದ ರೇಖೆ. ಪಿಷ್ಟ ಹೆಚ್ಚಿಸುತ್ತಾ ಹೋದರೆ ವೇಗ ಒಂದು ಹಂತದಲ್ಲಿ ಏರುವುದು ನಿಲ್ಲಬೇಕು, ಏಕೆಂದರೆ ಇರುವ ಕಿಣ್ವಗಳೆಲ್ಲ ಅಷ್ಟರಲ್ಲಿ ಕೈತುಂಬಾ ಕೆಲಸದಲ್ಲಿರುತ್ತವೆ. ಅದಕ್ಕೆ 'ಹಳದಿಯಾಗಲು ಎಷ್ಟು ಹೊತ್ತು' ಅನ್ನುವ ಅಳತೆ ಸಾಲದು, ಶುರುವಿನ ವೇಗವೇ ಬೇಕು. ಟೈಲಿನ ಫೋಟೋ ಒಂದೇ ಬೆಳಕಿನಲ್ಲಿ ತೆಗೆದು ಪ್ರತಿ ಹನಿಯ ನೀಲಿಯನ್ನು ಅಂಕಿಗೆ ಇಳಿಸುವ ಚಿಕ್ಕ ಪ್ರೋಗ್ರಾಂ ಬರೆಯುತ್ತಿದ್ದೇನೆ. ಬಣ್ಣದ ಅಂಕಿ ಮತ್ತು ಪಿಷ್ಟದ ಪ್ರಮಾಣ ಎಷ್ಟರಮಟ್ಟಿಗೆ ತಾಳೆಯಾಗುತ್ತವೆ ಅಂತ ಗೊತ್ತಿರುವ ದ್ರಾವಣಗಳಲ್ಲಿ ಮೊದಲು ನೋಡಬೇಕು, ಆಮೇಲೆ ಕಿಣ್ವ ಹಾಕುವುದು.